ನಿಂತವನ ಜಾಡು

ಆ ಬೆಳಿಗ್ಗೆ ಗಾಳಿ ಎದ್ದಿತ್ತು. ಧೂಳೆಬ್ಬಿಸಿ, ಬಾಗಿಲುಗಳನ್ನು ಬಡಿದು, ಒಣಗಲು ಹಾಕಿದ ಬಟ್ಟೆಗಳನ್ನು ಪಕ್ಕದ ಮನೆಯ ತಾರಸಿಗೆ ಎಸೆದು ಹೋಗುವಂಥ ಒಣ ಗಾಳಿ. ನಕ್ಷೆ ಕಚೇರಿಯ ಮೂರನೇ ಮಹಡಿಯಲ್ಲಿ ಅವಳು ಕಿಟಕಿಗಳಿಗೆಲ್ಲ ಚಿಲಕ ಹಾಕಿ, ಮೂರು ದಿನ ಕೂತು ಬರೆದ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡಿದ್ದಳು.

ಆಗ ಬಾಗಿಲು ತೆರೆಯಿತು.

ಹಾಳೆಗಳೆಲ್ಲ ಒಟ್ಟಿಗೆ ಮೇಲೆದ್ದವು.

"ಬಾಗಿಲು... ಮೊದಲು ಬಾಗಿಲು ಹಾಕಿ."

ಬಂದವನು ಬೆನ್ನಿನಿಂದಲೇ ಬಾಗಿಲು ತಳ್ಳಿದ. ಹೆಗಲಿಗೆ ಚೀಲ, ಬೂಟಿನ ತುಂಬ ಧೂಳು, ಕುತ್ತಿಗೆಯಲ್ಲಿ ದಾರಕ್ಕೆ ನೇತುಬಿದ್ದ ಹಳದಿ ಬಣ್ಣದ ಜಿಪಿಎಸ್. ಒಂದು ಮಾತೂ ಆಡದೆ ಮೊಣಕಾಲೂರಿ ಹಾಳೆಗಳನ್ನು ಆರಿಸತೊಡಗಿದ. ಒಂದನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡ.

"ಇದು ನೀವು ಬರೆದಿದ್ದಾ?"

"ಹೌದು. ಕೊಡಿ ಇಲ್ಲಿ."

"ಈ ಓಣಿ ಇಲ್ಲಿಗೆ ನಿಲ್ಲಲ್ಲ ಮೇಡಂ. ಕೊನೆಯಲ್ಲಿ ಹದಿನಾಲ್ಕು ಮೆಟ್ಟಿಲಿವೆ. ಇಳಿದ್ರೆ ಮೀನು ಮಾರ್ಕೆಟ್ಟು."

"ಜಾಡು ಅಲ್ಲಿಗೇ ನಿಂತಿತ್ತು. ಜಾಡಲ್ಲಿ ಇಲ್ಲದ್ದನ್ನ ನಾನು ಬರೆಯಲ್ಲ."

"ಅಲ್ಲಿ ಸೆಲ್ ಮುಗಿದೋಯ್ತು."

"ಹಾಗಾದ್ರೆ ನಿಮ್ಮ ಸೆಲ್ಲಿಗೆ ಬೈಕೊಳ್ಳಿ. ನನಗ್ಯಾಕೆ?"

ಅವನು ನಕ್ಕ. ಅವಳು ನಗಲಿಲ್ಲ. ಆದರೆ ಹಾಳೆ ತೆಗೆದುಕೊಳ್ಳುತ್ತಾ ಅವನ ಬೂಟಿನ ಕಡೆ ನೋಡಿದಳು.

ಓ... ಇವನೇನಾ ಅವನು?

ಫೋನು ದಾರಿ ಹೇಳುವ ಕಾಲ ಇನ್ನೂ ಬಂದಿರಲಿಲ್ಲ. ಪ್ರಯಾಣಿಕರ ಜೇಬಿಗೆ ಹಿಡಿಯುವಂಥ ಊರಿನ ನಕ್ಷೆಗಳನ್ನು ಅಚ್ಚು ಹಾಕುವುದು ಆ ಕಚೇರಿಯ ಕೆಲಸ. ನಡೆಯುವವರು ಕೈಯಲ್ಲಿ ಜಿಪಿಎಸ್ ಹಿಡಿದು ಗುರುತಿಲ್ಲದ ಊರುಗಳಿಗೆ ಹೋಗುತ್ತಿದ್ದರು. ಕೆಲವು ಸೆಕೆಂಡಿಗೊಮ್ಮೆ ಆ ಯಂತ್ರ ತಾನಿರುವ ಜಾಗಕ್ಕೆ ಒಂದು ಚುಕ್ಕೆ ಇಡುತ್ತಿತ್ತು. ಚುಕ್ಕೆ ಸೇರಿ ಜಾಡು. ಜಾಡು ನೋಡಿ ಬೀದಿ ಬರೆಯುವುದು ಅವಳ ಪಾಲು.

ಒಂದೂವರೆ ವರ್ಷದಿಂದ ಇವನ ಜಾಡು ನೋಡಿ ಬೀದಿ ಬರೆಯುತ್ತಿದ್ದರೂ ಅವಳು ಇವನ ಮುಖ ನೋಡಿರಲಿಲ್ಲ. ಆದರೆ ಇವನ ಕಾಲನ್ನು ಬಲ್ಲಳು. ಮುಂದೆ ದಾರಿಯಿಲ್ಲದ ಕುರುಡು ಓಣಿ ಸಿಕ್ಕರೆ ಉಳಿದವರು ಬಾಯಲ್ಲೇ ನಿಂತು ನೋಡಿ ಹಿಂತಿರುಗುತ್ತಿದ್ದರು; ಇವನು ಕೊನೆಯ ಗೋಡೆ ಮುಟ್ಟಿ ಬರುತ್ತಿದ್ದ.

ಅವನು ಎಲ್ಲಿ ನಿಂತ ಎಂಬುದೂ ಅವಳಿಗೆ ಗೊತ್ತಾಗುತ್ತಿತ್ತು. ಆ ಯಂತ್ರಕ್ಕೆ ನಿಲ್ಲುವುದು ತಿಳಿಯದು. ಮನುಷ್ಯ ನಿಂತಲ್ಲೇ ನಿಂತರೂ ಅದರ ಚುಕ್ಕೆ ಒಂದು ಹೆಜ್ಜೆ ಆಚೆ, ಒಂದು ಹೆಜ್ಜೆ ಈಚೆ ಬೀಳುತ್ತಾ ಹೋಗಿ, ಗೆರೆಗಳು ದಾರದುಂಡೆಯ ಹಾಗೆ ಸಿಕ್ಕಾಗುತ್ತವೆ. ಕಚೇರಿಯಲ್ಲಿ ಅದಕ್ಕೆ ಗಂಟು ಅನ್ನುತ್ತಿದ್ದರು.

"ನಿಮ್ಮದು ಟೀ ಗಂಟು ಜಾಸ್ತಿ," ಎಂದಳು ಒಂದು ದಿನ, ಪರಿಚಯ ಸ್ವಲ್ಪ ಬಲಿತ ಮೇಲೆ. "ಈ ಊರಲ್ಲಿ ದಿನಕ್ಕೆ ಐದು."

"ಎರಡು ಟೀದು. ಮೂರು ಹರಟೇದು."

"ಯಾರ ಜೊತೆ?"

"ಅದನ್ನೂ ಚುಕ್ಕೇಲಿ ಕಂಡುಹಿಡೀರಿ ನೋಡೋಣ."

ಯಂತ್ರಗಳನ್ನು ಕಾಯುವ ಸ್ಟೋರ್ ಅಕ್ಕನ ಬಾಯಿಗೆ ಇಷ್ಟು ಸಾಕಾಯಿತು. "ಇವನ ಕಾಲು ಊರೂರಲ್ಲಿ, ಜೀವ ಮೂರನೇ ಮಹಡೀಲಿ. ಇಂಥವನಿಗೆ ಯಾವ ಉಪಗ್ರಹ ದಾರಿ ತೋರಿಸುತ್ತೆ ಕಣಮ್ಮ?"

ಹೀಗೇ ಒಂದು ವರ್ಷ ಕಳೆಯಿತು. ಒಂದು ಸಂಜೆ ಹಾಳೆಗಳನ್ನು ಒಪ್ಪಿಸಿದ ಮೇಲೂ ಅವನು ಹೋಗಲಿಲ್ಲ.

"ನಾನು ಒಂದು ಕಡೆ ಇರೋ ಮನುಷ್ಯ ಅಲ್ಲ," ಎಂದ. "ಲಾಡ್ಜಿನ ರೂಮೇ ಮನೆ. ಆದ್ರೆ ಈಚೆಗೆ... ಇರಬೇಕು ಅನ್ನಿಸ್ತಿದೆ. ನೀವು ಜೊತೆಗೆ ಇರ್ತೀರಾ?"

ಅವಳ ಎದೆಯಲ್ಲಿ ಉತ್ತರ ಆಗಲೇ ಎದ್ದು ನಿಂತಿತ್ತು. ಆದರೆ ಆ ಮಾತನ್ನು ಫೈಲು, ಸ್ಕೇಲುಗಳ ನಡುವೆ ಹೇಳಲು ಮನಸ್ಸಾಗಲಿಲ್ಲ. ದೂರದ ಒಂದು ಊರಿನಲ್ಲಿ, ಹೊಳೆಗೆ ಇಳಿಯುವ ಕಲ್ಲುಮೆಟ್ಟಿಲು ಇದ್ದವು. ಅಪ್ಪ ಸರ್ವೆ ಕೆಲಸದಲ್ಲಿದ್ದಾಗ, ಮದುವೆಯಾದ ಹೊಸದರಲ್ಲಿ, ಅಮ್ಮನನ್ನು ಅಲ್ಲಿ ಕೂರಿಸಿಕೊಂಡು ಮಾತಾಡಿದ್ದರಂತೆ. ಅಮ್ಮ ಸಾಯುವವರೆಗೂ ಆ ಮೆಟ್ಟಿಲ ಮಾತು ತೆಗೆಯುತ್ತಿದ್ದಳು. ಅಮ್ಮನ ಬದುಕು ಶುರುವಾದಲ್ಲೇ ತನ್ನದೂ ಶುರುವಾಗಲಿ ಎಂದು ಮಗಳಿಗೆ ಆಸೆ.

"ಉತ್ತರ ಒಂದು ಜಾಗದಲ್ಲಿ ಹೇಳ್ತೀನಿ. ಬರೋ ಭಾನುವಾರ, ಬೆಳಿಗ್ಗೆ ಆರಕ್ಕೆ. ಹೆಸರು ಹೇಳಲ್ಲ, ಅಂಕಿ ಕೊಡ್ತೀನಿ."

"ನಡೆಯೋನಿಗೆ ಅಂಕಿ ಸಾಕು," ಎಂದ ಅವನು.

ಅವಳು ಮನೆಗೆ ಹೋಗಿ ಅಪ್ಪನ ಹಳೆಯ ನಕ್ಷೆ ಬಿಚ್ಚಿದಳು. ಸ್ಕೇಲು ಇಟ್ಟು ಆ ಮೆಟ್ಟಿಲ ಅಕ್ಷಾಂಶ, ರೇಖಾಂಶ ತೆಗೆದಳು. ಒಂದು ಸಲಕ್ಕೆ ಸಮಾಧಾನವಾಗದೆ ಮೂರು ಸಲ ಅಳೆದಳು. ಚೀಟಿಯಲ್ಲಿ ಬರೆದು ಕೊಟ್ಟಳು.

ಭಾನುವಾರ ಹೊಳೆಯ ಮೇಲೆ ಮಂಜು ಕವಿದಿತ್ತು. ರೈಲು ನಿಲ್ದಾಣದಿಂದ ಟ್ಯಾಕ್ಸಿಯವನಿಗೆ ಹೊಳೆಯ ಮೆಟ್ಟಿಲು ಎಂದರೆ ಸಾಕಾಯಿತು. ಕೂತಲ್ಲಿಂದ ಕೆಳಗಿನ ಮೂರು ಮೆಟ್ಟಿಲಷ್ಟೇ ಕಾಣುತ್ತಿದ್ದವು; ನೀರೂ ಕಾಣದು. ಆರಾಯಿತು. ಏಳಾಯಿತು. ಹೆಜ್ಜೆ ಸಪ್ಪಳ ಕೇಳಿದಾಗಲೆಲ್ಲ ಅವಳು ಎದ್ದು ನಿಂತಳು. ಎಲ್ಲ ಬೇರೆಯವರ ಹೆಜ್ಜೆಗಳು.

ಬರ್ತಾರೆ... ಸೆಲ್ ಮುಗಿದಿರಬೇಕು... ಕೇಳಿಕೊಂಡಾದರೂ ಬರ್ತಾರೆ...

ಒಂಬತ್ತೂವರೆಗೆ, ವಾಪಸು ಹೋಗುವ ರೈಲಿಗೆ ಹೊತ್ತಾದಾಗ, ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲು ಹತ್ತಿದಳು. ಮಂಜು ಇನ್ನೂ ಕರಗಿರಲಿಲ್ಲ.

ಮೂರು ವಾರದ ನಂತರ ಅವನು ಕಚೇರಿಗೆ ಬಂದಾಗ ಅವಳು ತಲೆಯೆತ್ತಲಿಲ್ಲ. ಮೇಜಿನ ಮುಂದೆ ಒಂದು ಗಳಿಗೆ ನಿಂತ. ಹಾಳೆಗಳನ್ನಿಟ್ಟು ಹೋದ. ಮುಂದೆ ದೂರದೂರದ ಊರುಗಳನ್ನೇ ಕೇಳಿ ಪಡೆದ. ಕಾಗದ ಪತ್ರವೆಲ್ಲ ಅಂಚೆಯಲ್ಲಿ.

"ಮಾತಿಗೆ ನಿಲ್ಲದವನು," ಎಂದರು ಅಪ್ಪ. "ಹೋಗ್ಲಿ ಬಿಡು ಮಗಳೇ."

ಸ್ಟೋರ್ ಅಕ್ಕನಿಗೂ ಅವಳು ಅದೇ ಮಾತು ಹೇಳಿದ್ದಳು. ಅಕ್ಕನಿಂದ ಅದು ಟೀ ಕುಡಿಯುವ ಜಾಗಕ್ಕೆ ಹೋಗಿ, ಅಲ್ಲಿಂದ ಎಲ್ಲ ಮಹಡಿಗಳಿಗೂ ಇಳಿಯಿತು.

ಎಂಟು ತಿಂಗಳು ಉರುಳಿದವು. ಒಂದು ಗುರುವಾರ ಅಕ್ಕ ಹಳದಿ ಯಂತ್ರವೊಂದನ್ನು ತಂದು ಮೇಜಿನ ಮೇಲಿಟ್ಟಳು.

"ಗುಂಡಿ ಮುರಿದು ಡ್ರಾಯರಲ್ಲಿ ಬಿದ್ದಿತ್ತು, ಈಗ ರಿಪೇರಿ ಆಗಿ ಬಂತು. ಇದರ ಹೊಟ್ಟೆ ಖಾಲಿ ಮಾಡಿ ಕೊಡು, ಹೊಸಬರಿಗೆ ಕೊಡ್ಬೇಕು." ಆಮೇಲೆ, ಎಲ್ಲೋ ನೋಡುತ್ತಾ, "ಮೊದಲು ಅವನ ಹತ್ರ ಇದ್ದಿದ್ದೇ ಕಣೆ ಅದು. ಶನಿವಾರಕ್ಕೆ ಕೆಲಸ ಬಿಡ್ತಾನಂತೆ."

"ಆಮೇಲೆ ಎಲ್ಲಿಗೆ?"

"ರಾಜೀನಾಮೆ ಫಾರಮಿನಲ್ಲಿ ವಿಳಾಸದ ಜಾಗಕ್ಕೆ ಒಂದು ಅಡ್ಡಗೆರೆ ಎಳೆದು ಕಳಿಸಿದ್ದಾನೆ."

ಕೆಲಸದ ದಿನಗಳ ಜಾಡನ್ನಷ್ಟೇ ಇಳಿಸಿಕೊಳ್ಳುವುದು ಕಚೇರಿಯ ರೂಢಿ. ರಜೆಯ ದಿನ ನಡೆದದ್ದು ಒಳಗೇ ಉಳಿದಿರುತ್ತದೆ. ಅಳಿಸುವ ಮುನ್ನ ಅವಳು ಪಟ್ಟಿ ನೋಡಿದಳು. ಒಂದು ತಾರೀಕಿನ ಮೇಲೆ ಕಣ್ಣು ನಿಂತಿತು.

ಆ ಭಾನುವಾರ.

ಜಾಡನ್ನು ತೆರೆದಳು. ರೈಲು ನಿಲ್ದಾಣದಿಂದ ಹೊರಟ ಗೆರೆ ಸೇತುವೆ ದಾಟಿ ಹೊಳೆಯ ಆಚೆ ದಡಕ್ಕೆ ಹೋಗಿತ್ತು. ಅಲ್ಲಿ, ಗೋದಾಮುಗಳ ಸಾಲಿನ ಹಿಂದೆ, ಒಂದು ಗಂಟು.

ಇಷ್ಟು ದೊಡ್ಡ ಗಂಟನ್ನು ಅವಳು ಯಾವ ಊರಲ್ಲೂ ಕಂಡಿರಲಿಲ್ಲ. ಗೆರೆಯ ಮೇಲೆ ಗೆರೆ ಬಿದ್ದು ಪರದೆಯ ಮೇಲೊಂದು ಕಪ್ಪು ಕಲೆ. ಮೊದಲ ಚುಕ್ಕೆ ಆರಕ್ಕೆ ಹತ್ತು ನಿಮಿಷ ಇರುವಾಗ. ಕೊನೆಯದು ಹನ್ನೊಂದೂ ಐದಕ್ಕೆ.

ಬಂದಿದ್ದರು. ತನಗಿಂತ ಒಂದೂವರೆ ಗಂಟೆ ಹೆಚ್ಚೇ ನಿಂತಿದ್ದರು.

ಆಚೆ ದಡಕ್ಕೆ ಯಾಕೆ ಹೋದರು? ತಲೆಯೆತ್ತಿದಳು. ಎದುರಿನ ಗೋಡೆಯ ಮೇಲೆ, ವರ್ಷಗಳಿಂದ ನೇತಾಡುತ್ತಿದ್ದ ತಿದ್ದುಪಡಿಯ ಪಟ್ಟಿ. ಅಪ್ಪನ ಕಾಲದ ನಕ್ಷೆಗಳು ಭೂಮಿಯನ್ನು ಅಳೆದ ಲೆಕ್ಕವೇ ಬೇರೆ, ಉಪಗ್ರಹದ ಲೆಕ್ಕವೇ ಬೇರೆ. ಹಳೆಯ ನಕ್ಷೆಯ ಅಂಕಿಯನ್ನು ತಿದ್ದದೆ ಯಂತ್ರಕ್ಕೆ ಕೊಟ್ಟರೆ ಅದು ನೂರೈವತ್ತು ಮೀಟರಿನಾಚೆ ಕರೆದೊಯ್ಯುತ್ತದೆ. ಕಚೇರಿಗೆ ಬಂದ ಪ್ರತಿ ಹಳೆಯ ನಕ್ಷೆಗೂ ಅವಳು ಕೈಯಾರೆ ಆ ತಿದ್ದುಪಡಿ ಮಾಡುತ್ತಿದ್ದಳು. ತನ್ನ ಸ್ವಂತ ಬದುಕಿನ ಒಂದು ಅಂಕಿಗೆ ಮಾಡಲಿಲ್ಲ. ಅಂದು ಮನೆಯಲ್ಲಿ ಕೂತಿದ್ದಳು, ಮನಸ್ಸು ತುಂಬಿತ್ತು... ಅಲ್ಲಿನ ಗೋಡೆಯ ಮೇಲೆ ಈ ಪಟ್ಟಿ ಇರಲಿಲ್ಲ.

ದೇವರು ಇಬ್ಬರನ್ನೂ ಒಂದೇ ಮಂಜಿನೊಳಗೆ, ಒಂದೇ ನೀರಿನ ಎರಡು ಬದಿಗೆ ನಿಲ್ಲಿಸಿದ್ದ. ಕೂಗಿದ್ದರೆ ಕೇಳುತ್ತಿತ್ತು. ಇಬ್ಬರೂ ಕೂಗಲಿಲ್ಲ. ಮನುಷ್ಯರು ಎಷ್ಟೋ ಸಲ ಪ್ರಾರ್ಥನೆಯನ್ನೂ ಹೀಗೆಯೇ ಬಾಯೊಳಗೆ ಇಟ್ಟುಕೊಂಡು, ದೇವರಿಗೆ ಕಿವಿಯಿಲ್ಲ ಅನ್ನುತ್ತಾರೆ.

ಕಲೆಯಿಂದ ಒಂದೇ ಒಂದು ಗೆರೆ ನೇರವಾಗಿ ನೀರಿನ ಅಂಚಿನವರೆಗೆ ಹೋಗಿ ವಾಪಸು ಬಂದಿತ್ತು. ಅದು ಯಾಕೆಂದು ಅವಳಿಗೆ ಹೊಳೆಯಲಿಲ್ಲ.

ಅವಳು ಎದ್ದಳು. ಟೀ ಕುಡಿಯುತ್ತಿದ್ದವರ ನಡುವೆ ಹೋಗಿ ನಿಂತು, "ಅವರು ಮಾತಿಗೆ ತಪ್ಪಿರಲಿಲ್ಲ. ಅಂಕಿ ತಪ್ಪು ಕೊಟ್ಟೋಳು ನಾನು," ಎಂದಳು. ಲೋಟಗಳು ಕೈಯಲ್ಲೇ ಉಳಿದವು.

ಸಂಜೆ ಅಪ್ಪ ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದರು.

"ನಕ್ಷೆ ತಪ್ಪಿಲ್ಲ. ಅದರ ಲೆಕ್ಕದಲ್ಲಿ ಅದು ಸರೀನೇ."

"ತಪ್ಪು ನಂದು ಅಪ್ಪ."

"ನಿಂದೇ. ಆದ್ರೆ ನೋಡದೇ ಇರೋ ಮನುಷ್ಯನನ್ನ ನಾನು ಅಷ್ಟು ದೊಡ್ಡ ಮಾತು ಅಂದೆನಲ್ಲ, ಅದು ನಂದು." ಕನ್ನಡಕದ ಗಾಜನ್ನು ಬಹಳ ಹೊತ್ತು ಒರೆಸಿದರು. "ಎರಡು ತಪ್ಪನ್ನೂ ನೀನೇ ತಗೊಂಡು ಹೋಗಮ್ಮ. ನಾಳೇನೇ ಹೋಗು."

ನೂರಾರು ಬೀದಿಗಳನ್ನು ಬರೆದವಳು ಗುರುತಿಲ್ಲದ ಊರೊಂದರಲ್ಲಿ ಒಂಟಿಯಾಗಿ ನಡೆದವಳೇ ಅಲ್ಲ. ಶುಕ್ರವಾರ, ಅವನು ಕೊನೆಯ ಕೆಲಸ ಮಾಡುತ್ತಿದ್ದ ಊರಿನಲ್ಲಿ, ಹಳದಿ ಜಿಪಿಎಸ್ ಹಿಡಿದು ಬಸ್ಸಿನಿಂದ ಇಳಿದಳು. ಆ ದಿನ ಅವನು ಮುಗಿಸಬೇಕಾದ ಓಣಿಗಳನ್ನು ಕೆಲಸದ ಪಟ್ಟಿಯಿಂದ ನೋಡಿ ಗುರುತು ಹಾಕಿಕೊಂಡಿದ್ದಳು. ಎತ್ತರದ ಕಟ್ಟಡಗಳ ನಡುವೆ ನಿಂತು ಪರದೆ ನೋಡಿದರೆ ಬಾಣ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಅವಳೂ ಬಾಣದ ಜೊತೆ ತಿರುಗಿದಳು.

"ಏನಮ್ಮಾ, ನಿಂತಲ್ಲೇ ಗಿರಕಿ ಹೊಡೀತಿದ್ದೀಯ?" ಬೀಗ ರಿಪೇರಿಯ ಮುದುಕನೊಬ್ಬ ಸ್ಟೂಲಿನ ಮೇಲಿಂದಲೇ ಕೇಳಿದ.

"ಇದರ ಬಾಣ ನಿಲ್ತಾನೇ ಇಲ್ಲ ತಾತ."

"ನಾಲ್ಕು ದಿನದಿಂದ ಒಬ್ಬ ಇಂಥದ್ದೇ ಕುತ್ತಿಗೆಗೆ ಹಾಕ್ಕೊಂಡು ಸುತ್ತುತಾ ಇದ್ದಾನೆ. ಅವನು ಮೊದಲು ಹತ್ತು ಹೆಜ್ಜೆ ನಡೀತಾನೆ, ಆಮೇಲೆ ನೋಡ್ತಾನೆ. ನಿಂತೋರಿಗೆ ಅದು ದಿಕ್ಕು ಹೇಳಲ್ವಂತೆ."

"ಅವರು... ಇವತ್ತು ಕಂಡ್ರಾ?"

ಮುದುಕ ಕೀಲಿಯ ತುದಿಯಿಂದ ಬಲಗಡೆ ತೋರಿಸಿದ. "ಹಾಲಿನ ಅಂಗಡಿ ಪಕ್ಕದ ಓಣಿಗೆ ಹೋದ. ಮುಂದೆ ದಾರಿ ಇಲ್ಲ ಕಣಯ್ಯ ಅಂದೆ. ಗೊತ್ತು ತಾತ ಅಂದ, ಹೋದ. ಎಂಥಾ ಜನ."

ಅವಳು ನಡೆದಳು. ಹತ್ತನೇ ಹೆಜ್ಜೆಗೆ ಬಾಣ ಸರಿಯಾಯಿತು.

ಓಣಿಯ ಬಾಯಲ್ಲಿ ನಿಂತಳು. ತೊಟ್ಟಿಕ್ಕುವ ನಲ್ಲಿ, ಅದರ ಕೆಳಗೊಂದು ಬಕೆಟ್ಟು, ಕಿಟಕಿಯಲ್ಲಿ ಒಬ್ಬಳು ಅಜ್ಜಿ. ಕೊನೆಯ ಗೋಡೆ ಮುಟ್ಟಿ, ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುತ್ತಾ ಅವನು ಹಿಂತಿರುಗಿ ಬರುತ್ತಿದ್ದ. ಬಡವಾಗಿದ್ದ. ಅವಳನ್ನು ಕಂಡು ಹೆಜ್ಜೆ ನಿಂತಿತು.

"ಆಫೀಸಿಂದ ಕಳಿಸಿದ್ರಾ?"

"ಇಲ್ಲ." ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಎತ್ತಲೋ ಹೋದವು. "ನೀವು ಬಂದಿದ್ರಿ... ಆ ಭಾನುವಾರ. ನಾನು ಹಳೇ ನಕ್ಷೆಯಿಂದ ಅಂಕಿ ತೆಗೆದು, ತಿದ್ದದೆ ಕೊಟ್ಟಿದ್ದೆ. ನಾನು ಈಚೆ ದಡದಲ್ಲಿದ್ದೆ."

ಅವನು ನೋಟ್‌ಬುಕ್ಕು ಮುಚ್ಚಿದ. ಮತ್ತೆ ತೆರೆದ.

"ನೀವು... ಬಂದಿದ್ರಾ?"

"ಒಂಬತ್ತೂವರೆವರೆಗೂ ಇದ್ದೆ."

ಅವನು ಗೋಡೆಗೆ ಒರಗಿದ. "ಬರದೇ ಇದ್ದಿದ್ದೇ ಉತ್ತರ ಅಂದ್ಕೊಂಡೆ. ಉತ್ತರ ಕೊಟ್ಟವರನ್ನ ಮತ್ತೆ ಮತ್ತೆ ಕೇಳಬಾರದಲ್ಲ."

"ನಾನೂ ಹಾಗೇ ಅಂದ್ಕೊಂಡೆ. ಅಂದ್ಕೊಂಡು ಸುಮ್ಮನೆ ಕೂರಲಿಲ್ಲ, ಊರಿಗೆಲ್ಲ ಹೇಳಿದೆ. ಮಾತಿಗೆ ನಿಲ್ಲದವರು ಅಂದೆ. ಅಪ್ಪನೂ ಅಂದ್ರು. ನಿನ್ನೆ ಎಲ್ಲರ ಮುಂದೆ ಆ ಮಾತು ವಾಪಸ್ ತಗೊಂಡೆ. ಅಪ್ಪನೂ ತಗೊಂಡಿದ್ದಾರೆ, ನಿಮಗೆ ಹೇಳು ಅಂದಿದ್ದಾರೆ."

ನಲ್ಲಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.

"ಮಧ್ಯೆ ಒಂದು ಸಲ ನೀರಿನ ಹತ್ತಿರ ಹೋಗಿದ್ರಿ," ಎಂದಳು. "ಏಳೂವರೆಗೆ. ಯಾಕೆ?"

"ಅದೂ ಗೊತ್ತಾಯ್ತಾ?" ಅವನ ದನಿ ಸ್ವಲ್ಪ ಸಡಿಲವಾಯಿತು. "ಆಚೆ ದಡದಲ್ಲಿ ಯಾರೋ ಕೆಮ್ಮಿದ ಹಾಗಾಯ್ತು. ಎದ್ದು ಹೋಗಿ ನೋಡಿದೆ. ಏನೂ ಕಾಣಲಿಲ್ಲ. ಪಾಪ, ಯಾರಿಗೋ ಈ ಥಂಡಿ ಹಿಡಿಸಿಲ್ಲ ಅಂದ್ಕೊಂಡು ವಾಪಸ್ ಬಂದೆ."

"ನನಗೇ," ಎಂದಳು. "ವಾರದಿಂದ ನೆಗಡಿ ಇತ್ತು."

ಅವನು ನಕ್ಕ. ನಗು ಅರ್ಧಕ್ಕೆ ಬಂದಾಗ ಅಂಗೈಯಿಂದ ಕಣ್ಣು ಮುಚ್ಚಿಕೊಂಡ. ಅವಳು ಆ ಕೈಯನ್ನು ಸರಿಸಲಿಲ್ಲ. ಹತ್ತಿರ ಹೋಗಿ, ಅದು ತಾನಾಗಿ ಇಳಿಯುವವರೆಗೆ ಕಾದಳು.

"ನಾಳೆಗೆ ಕೆಲಸ ಮುಗೀತು," ಎಂದ. "ಮುಂದೆ ಎಲ್ಲಿಗೆ ಅಂತ ನನಗೇ ಗೊತ್ತಿಲ್ಲ."

"ನೀವು ಕೇಳಿದ್ದು ಒಂದು ಹಾಗೇ ಉಳಿದಿದೆ."

"ಅದಕ್ಕೆ ಒಂದು ಜಾಗ ಇಟ್ಟಿದ್ರಿ ಅಲ್ವಾ?"

"ಇಲ್ಲೂ ಆಗುತ್ತೆ."

ಕಿಟಕಿಯ ಅಜ್ಜಿ ಕಂಬಿಗೆ ಇನ್ನಷ್ಟು ಹತ್ತಿರ ಬಂದಳು. ಅದಕ್ಕೋ ಏನೋ, ಇವಳು ದನಿ ತಗ್ಗಿಸಿ, ಎಂಟು ತಿಂಗಳಿಂದ ತನ್ನ ಬಳಿಯೇ ಉಳಿದುಹೋಗಿದ್ದ, ಅವನಿಗೆ ಸೇರಬೇಕಾದ ಮಾತನ್ನು ಒಪ್ಪಿಸಿದಳು.

"ಇರ್ತೀನಿ."

"ಇನ್ನೊಂದು ಸಲ ಹೇಳ್ತೀರಾ?"

"ಇರ್ತೀನಿ ಅಂದೆ. ನಿಮ್ಮ ಜೊತೆ."