ಖಾಸಬಾಗದ ಕಾರು, ಖಾನಾಪುರದ ಎಂಜಿನ್

೨೦೦೦ನೇ ಇಸವಿ ಫೆಬ್ರುವರಿ ೭, ಸೋಮವಾರ. ಖಾಸಬಾಗದ ವ್ಯಾಪಾರಿ ಬಾಪುಸಾಹೇಬರು ಬೆಳಿಗ್ಗೆ ಠಾಣೆಗೆ ಬಂದು ದೂರು ಕೊಟ್ಟರು. ಕುಟುಂಬದವರೆಲ್ಲ ನಿಪ್ಪಾಣಿಗೆ ಮದುವೆಗೆ ಹೋಗಿದ್ದಾಗ ಶೆಡ್ಡಿನಲ್ಲಿದ್ದ ಹಳೆಯ ಲಿಮೋಸಿನ್ ಕಾರಿನ ಎಂಜಿನ್ ಕಳುವಾಗಿತ್ತು. ಕಾರು ಅಲ್ಲೇ ಇತ್ತು.

ಇನ್‌ಸ್ಪೆಕ್ಟರ್ ನಾಗಲಿಂಗ ಎಫ್‌ಐಆರ್ ದಾಖಲಿಸಿ, ಹವಾಲ್ದಾರ ಮುತ್ತಪ್ಪನೊಂದಿಗೆ ಹೋಗಿ ಪಂಚನಾಮೆ ಮಾಡಿದರು. ಶೆಡ್ಡಿನ ಬೀಗ ಒಡೆದಿತ್ತು. ಆದರೆ ಕಾರಿನ ಒಂದು ಪೈಪು, ಒಂದು ವೈರು ಕೂಡ ಕತ್ತರಿಸಿರಲಿಲ್ಲ. ಪ್ರತಿ ನಟ್ಟನ್ನೂ ಪಾನಾ ಹಾಕಿ ಬಿಚ್ಚಲಾಗಿತ್ತು.

"ಗುಜರಿ ಕಳ್ಳ ಇಷ್ಟು ನಾಜೂಕ ಮಾಡಂಗಿಲ್ರಿ ಸಾಹೇಬ್ರ," ಎಂದ ಮುತ್ತಪ್ಪ.

ನಾಗಲಿಂಗ ಬಾಪುಸಾಹೇಬರತ್ತ ತಿರುಗಿದರು. "ಎಂಜಿನ್ ಮೊದಲಿಂದ ಇಲ್ಲೇ ಇತ್ತೇನ್ರಿ?"

"ಇಲ್ರಿ. ಖಾನಾಪುರದಾಗ, ನಮ್ಮ ಕಾಕುನ ಕಡೆ ಇತ್ತು."

ಸಂಸ್ಥಾನವೊಂದರ ರಾಜರಿಗಾಗಿ ವಿಲಾಯತಿನಲ್ಲಿ ಅಲ್ಯೂಮಿನಿಯಂ ತಗಡನ್ನು ಕೈಯಿಂದ ಬಡಿದು ಕಟ್ಟಿದ ಕಾರು ಅದು. ಹನ್ನೆರಡು ಸಿಲಿಂಡರಿನ ಎಂಜಿನ್. ಸಂಸ್ಥಾನ ವಿಲೀನವಾದಾಗ ಬಾಪುಸಾಹೇಬರ ಅಜ್ಜ ಕೊಂಡರು. ಅಜ್ಜ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳೂ ಕಾರು ನನಗೇ ಬೇಕೆಂದು ಹಟ ಹಿಡಿದರು. ಬೇಸತ್ತ ಊರ ಪಂಚರು ಹಿರಿಯನಿಗೆ, ಅಂದರೆ ಬಾಪುಸಾಹೇಬರ ತಂದೆಗೆ, ಗಾಡಿ, ಕಿರಿಯನಿಗೆ ಎಂಜಿನ್ ಎಂದು ಹಂಚಿಬಿಟ್ಟರು. ಎಂಜಿನ್ ಖಾನಾಪುರದಲ್ಲಿ ಕಿರಿಯನ ಹೆಂಚಿನ ಕಾರ್ಖಾನೆಯ ಮಣ್ಣು ಅರೆಯುವ ಯಂತ್ರ ನಡೆಸಿತು. ಕಾರು ಖಾಸಬಾಗದಲ್ಲಿ ನಿಂತೇ ಉಳಿಯಿತು. ಕಾರ್ಖಾನೆ ಮುಚ್ಚಿದ ಮೇಲೆ, ಹೋದ ದೀಪಾವಳಿಗೆ, ಕಿರಿಯನ ವಿಧವೆ, ಬಾಪುಸಾಹೇಬರ ಕಾಕು ಜಿನಮತಿಬಾಯಿ, ಎಂಜಿನ್ನನ್ನು ಅವರಿಗೆ ಕೊಟ್ಟಿದ್ದರು.

"ಅವರ ಮಕ್ಕಳು ಏನಂದ್ರು?"

"ಒಬ್ಬನ ಮಗ ರಿ, ಬಾಳಾಸಾಹೇಬ. ಏನೂ ಅನ್ನಲಿಲ್ಲ. ನನ್ನ ಕೂಡ ಮಾತು ಬಿಟ್ಟ, ಅಷ್ಟ."

ಓಣಿಯವರು ಶನಿವಾರ ಸಂಜೆ ದೇಸೂರಿನ ಟೆಂಪೊ ನೋಡಿದ್ದರು. ಮಂಗಳವಾರ ಅದರ ಮಾಲೀಕ ನಾಗಲಿಂಗರಿಗೆ ಸಿಕ್ಕ.

"ಯಾರ ಮಾಲು ಹೇರಿದಿ?"

"ಬಾಳಾಸಾಹೇಬರದ್ರಿ. ನಂದ ಎಂಜಿನ್ ವಾಪಸ್ ಒಯ್ಯಾಕತ್ತೇನಿ ಅಂದ್ರು."

ಮಧ್ಯಾಹ್ನ ನಾಗಲಿಂಗ ಖಾನಾಪುರ ತಲುಪಿದರು. ಬಾಳಾಸಾಹೇಬ ತನಗೇನೂ ಗೊತ್ತಿಲ್ಲವೆಂದ. ಕಾರ್ಖಾನೆಯ ಹಿಂದೆ ಮಣ್ಣು ತೆಗೆದ ಹೊಂಡವಿತ್ತು. ನೀರಿನ ಮೇಲೆ ಎಣ್ಣೆ ತೇಲುತ್ತಿತ್ತು. ಸರಪಳಿ ಹಾಕಿ ಎಳೆಸಿದಾಗ ಎಂಜಿನ್ ಕೆಸರು ಸುರಿಸುತ್ತ ಮೇಲೆ ಬಂತು. ಅದರ ನಂಬರು ದೂರಿನಲ್ಲಿದ್ದ ನಂಬರಿಗೆ ತಾಳೆಯಾಯಿತು. ಪಂಚರ ಸಮಕ್ಷಮ ಜಪ್ತಿ ಮಾಡಿ ಬಾಳಾಸಾಹೇಬನನ್ನು ಬಂಧಿಸಿದರು.

"ಇಷ್ಟು ನಾಜೂಕ ಬಿಚ್ಚಿ, ನೀರಾಗ ಯಾಕ ಒಗದಿ?"

ಅವನು ಎಂಜಿನ್ನಿನ ಮೇಲಿನ ಕೆಸರನ್ನು ತೋಳಿನಿಂದ ಒರೆಸಿದ.

"ಒಡೀಬೇಕಂದೆ, ಕೈ ಬರಲಿಲ್ರಿ. ನಮ್ಮಪ್ಪ ದಿನಾ ಎಣ್ಣಿ ಹಾಕಿದ್ದು. ಸಂಕ್ರಮಣಕ್ಕ ಬಾಪುಸಾಹೇಬನ ಗಾಡಿ ಚಾಲೂ ಆತು. ನಮ್ಮವ್ವನ್ನ ಕೂಡಿಸ್ಕೊಂಡು ಕೋಟೆ ಸುತ್ತಿಸಿದ. ಅಪ್ಪ ಹೋದ ಮ್ಯಾಲೆ ಆಕಿ ನಕ್ಕಿದ್ದು ನಾ ನೋಡಿರಲಿಲ್ರಿ. ಅವನ ಬಾಜೂಕ ಕುಂತು ನಗಾಕತ್ತಿದ್ಲು."

ಮಾತು ಕೇಳಿಸಿಕೊಂಡಿದ್ದ ಜಿನಮತಿಬಾಯಿ ಜೀಪಿನವರೆಗೂ ಬಂದರು. ಮಗನ ತೋಳಿಗೆ ಹತ್ತಿದ್ದ ಕೆಸರನ್ನು ಸೆರಗಿನಿಂದ ಒರೆಸಿದರು.

"ನೀ ಒಮ್ಮೆರ ಬಾ ಅಂದಿದ್ದರ, ನಿನ್ನ ಸ್ಕೂಟರ್ ಮ್ಯಾಲೂ ಕುಂದರತಿದ್ನಲ್ಲೊ," ಎಂದರು.