ಸೀಲ್ ಒಡೆಯದೆ ಎಚ್ಚರಾದ ಫೋನು

“ರಿಂಗಾಯ್ತು ಮೇಡಂ! ಸತ್ತೋದ ನನ್ ಮಗಳ ಫೋನು ರಿಂಗಾಯ್ತು!”

“ಯಾವಾಗಮ್ಮಾ?” ಇನ್ಸ್‌ಪೆಕ್ಟರ್ ಅಡೋಯೊ ಕೇಳಿದರು.

“ಈಗ, ಬಸ್ಸಲ್ಲಿ. ದಿನಾ ಮಾಡ್ತೀನಿ, ಸ್ವಿಚ್ ಆಫ್ ಅನ್ನುತ್ತೆ. ಇವತ್ತು ಆರು ಸಲ ರಿಂಗಾಯ್ತು.”

ಮಂಗಳವಾರ, ಬೆಳಿಗ್ಗೆ 9.20. ಸರೋವರದ ದಂಡೆಯ ಕಿಸುಮು ಪೊಲೀಸ್ ಠಾಣೆಯಲ್ಲಿ ಕಾನ್‌ಸ್ಟೇಬಲ್ ವೆಕುಲೊ ಸೆಲೀನಾಳ ದೂರು ಬರೆದುಕೊಂಡ. ಅವಳ ಮಗಳು ಲವೆಂಡಾ ಸರೋವರದಲ್ಲಿ ಹೆಣವಾಗಿ ಸಿಕ್ಕು ಇಪ್ಪತ್ತೆರಡು ದಿನವಾಗಿತ್ತು. ಅವಳ ಜೊತೆ ಓಡಾಡುತ್ತಿದ್ದ ದೋಣಿ ಮಾಲೀಕ ರಾಡಿಂಗ್ ಮೇಲೆ ಅನುಮಾನವಿತ್ತು. ಅವನ ಬೆದರಿಕೆಯನ್ನು ಅವಳು ರೆಕಾರ್ಡ್ ಮಾಡಿಟ್ಟಿದ್ದಳಂತೆ. ಆ ರೆಕಾರ್ಡಿಂಗ್ ಇದ್ದರೆ ಈ ಫೋನಿನಲ್ಲಿ ಮಾತ್ರ. ಚಾರ್ಜ್ ಮುಗಿದಿದ್ದ ಫೋನನ್ನು ಪಂಚನಾಮೆ ಮಾಡಿ, ಲಕೋಟೆಯಲ್ಲಿಟ್ಟು ಅರಗಿನ ಸೀಲ್ ಹಾಕಿ, ಸಾಕ್ಷ್ಯದ ಕೋಣೆಯಲ್ಲಿಟ್ಟಿದ್ದರು. ಅದರ ಲಾಕ್ ತೆರೆಯುವ ತಜ್ಞ ನೈರೋಬಿಯಿಂದ ಬುಧವಾರ ಬರಬೇಕಿತ್ತು.

“ಸಮಾಧಿಯಿಂದ ಎದ್ದು ಬಂತಾ ಫೋನು?” ವೆಕುಲೊ ನಕ್ಕ. ಅಡೋಯೊ ನಗಲಿಲ್ಲ.

ಕೋಣೆಯ ಉಸ್ತುವಾರಿ ಸಾರ್ಜೆಂಟ್ ಒಕಿಂಡಾ ಬೀಗ ತೆಗೆದರು. ಸೀಲ್ ಒಡೆದಿರಲಿಲ್ಲ. ಮರದ ಹಲಗೆಯ ಮೇಲಿದ್ದ ಲಕೋಟೆ ಮಾತ್ರ ಜ್ವರ ಬಂದ ಮೈಯಂತೆ ಬಿಸಿಯಾಗಿತ್ತು.

ಅಡೋಯೊ ಹಲಗೆಯ ಕೆಳಗೆ ಬಗ್ಗಿ ನೋಡಿದರು. ಸುರುಳಿ ಸುತ್ತಿದ ತಾಮ್ರದ ತಂತಿ, ಚಪಾತಿಯಷ್ಟಗಲ, ಟೇಪಿನಿಂದ ಅಂಟಿಸಲಾಗಿತ್ತು, ಹಿಂದೆ ಬ್ಯಾಟರಿ.

“ವೈರ್ ಚುಚ್ಚೋದೇ ಬೇಡ ಮೇಡಂ, ಹಲಗೆ ಆಚೆಯಿಂದಾನೇ ನಿಧಾನಕ್ಕೆ ಚಾರ್ಜ್ ಆಗುತ್ತೆ,” ವೆಕುಲೊನ ನಗು ನಿಂತಿತ್ತು. “ಫೋನ್ ಎದ್ರೆ ನೆಟ್‌ವರ್ಕ್ ಹಿಡಿಯುತ್ತೆ. ಅವಳ ಪಾಸ್‌ವರ್ಡ್ ಗೊತ್ತಿರೋನು ಎಲ್ಲೋ ಕೂತು ಎಲ್ಲಾ ಅಳಿಸಿಬಿಡಬಹುದು.”

9.41ಕ್ಕೆ ಪಂಚರೆದುರು ಸೀಲ್ ಒಡೆದು ಸಿಮ್ ತೆಗೆದರು. ಚಾರ್ಜ್ ಶೇಕಡ ನಾಲ್ಕು. ಪರದೆಯ ಮೇಲೆ ಲವೆಂಡಾ ಇನ್ನೂ ನಗುತ್ತಿದ್ದಳು. ಆ ಚಿತ್ರ ಉಳಿದಿತ್ತೆಂದರೆ ಏನೂ ಅಳಿಸಿಹೋಗಿರಲಿಲ್ಲ.

“ಈ ಲಕೋಟೆ ಕಬ್ಬಿಣದ ಬೀರುವಿನಲ್ಲಿತ್ತಲ್ವಾ ಸಾರ್ಜೆಂಟ್?”

“ನೆನಪಿಲ್ಲ ಮೇಡಂ. ಯಾರ್ಯಾರೋ ಬರ್ತಾರೆ, ಹೋಗ್ತಾರೆ.”

“ಕಬ್ಬಿಣದೊಳಗೆ ಈ ಸುರುಳಿ ಕೆಲಸ ಮಾಡಲ್ಲ. ಮರದ ಹಲಗೆ ಮೇಲೆ ಯಾರಿಟ್ರು?”

ಅಡೋಯೊ ರಿಜಿಸ್ಟರ್ ತೆರೆದರು. ಕೊನೆಯ ಸಾಲು: ‘ಸೋಮವಾರ, 16.50. ಫೋನು, ಬೀರುವಿನಿಂದ ಮರದ ಹಲಗೆಗೆ.’ ಕೆಳಗೆ ಒಕಿಂಡಾ ಸಹಿ.

“ಅಯ್ಯೋ, ಕಳ್ಳ ಕೆಲಸಾನೂ ಬರೆದಿಟ್ರಾ ಅಣ್ಣಾ!” ಎಂದ ವೆಕುಲೊ.

ಒಕಿಂಡಾ ತಮ್ಮದೇ ಅಕ್ಷರವನ್ನು ಬಹಳ ಹೊತ್ತು ನೋಡಿದರು. “ಇಪ್ಪತ್ತು ವರ್ಷದಿಂದ ಬರೆಯದೆ ಒಂದು ವಸ್ತು ಸರಿಸಿಲ್ಲ ನಾನು. ಕೈ ತಾನಾಗೇ ಬರೀತು.”

10.15ಕ್ಕೆ ಅವರನ್ನು ಬಂಧಿಸಲಾಯಿತು.

“ರಾಡಿಂಗ್ ನಿಮಗೇನಾಗ್ಬೇಕು?”

“ನನ್ ಮಗಳು ಅವನ ಮನೇಲಿದಾಳೆ ಮೇಡಂ. ಇಲ್ಲಿ ಯಾರಿಗೂ ಹೇಳಿಲ್ಲ. ಏಳು ತಿಂಗಳ ಬಸುರಿ ಅವಳು.” ದನಿ ಇಳಿಯಿತು. “ಮಗು ಹುಟ್ಟೋ ಹೊತ್ತಿಗೆ ಅದರಪ್ಪ ಜೈಲಲ್ಲಿರಬಾರದು ಅಂತ...”

“ಲವೆಂಡಾ ವಿಷ್ಯ ಅವಳಿಗೆ ಗೊತ್ತಾ?”

“ಏನೂ ಗೊತ್ತಿಲ್ಲ.”

“ವೆಕುಲೊ, ಜೀಪ್ ತೆಗಿ. ಆ ಹುಡುಗೀನ ಈಗಲೇ ಆ ಮನೆಯಿಂದ ಕರ್ಕೊಂಡ್ ಬಾ.”

ಬಾಗಿಲಲ್ಲಿ ನಿಂತಿದ್ದ ಸೆಲೀನಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಫೋನ್ ತೆರೆಯೋದು ಎಷ್ಟೊತ್ತಿಗೆ ಮೇಡಂ?”

“ನಾಳೆ ಬೆಳಿಗ್ಗೆ ಒಂಬತ್ತಕ್ಕೆ.”

“ಆ ಹುಡುಗೀನ ನನ್ ಪಕ್ಕ ಕೂರ್ಸಿ,” ಎಂದಳು ಸೆಲೀನಾ. “ಆ ರಾಡಿಂಗ್ ದನಿ ನಾನೊಬ್ಳೇ ಕೇಳಲಾರೆ. ಅವಳೂ ಕೇಳ್ಬೇಕು.”