ಒಂದೇ ಸಲದ ಮೊಶಿ

ದೂರಸಂಪರ್ಕ ಎಂಜಿನಿಯರುಗಳ ಪ್ರಶಸ್ತಿ ಯಾರಿಗೆ ಬಂತೋ ಅವರಿಗೆ ಫೋನಿನಲ್ಲಿ ತಿಳಿಸುವುದು ಸೆಂಡಾಯ್ ಕಚೇರಿಯಲ್ಲಿ ನನ್ನ ಕೆಲಸ. ಬದುಕಿರುವವರಿಗೆ ಮಾತ್ರ ಪ್ರಶಸ್ತಿ. ಒಪ್ಪಿಗೆ ಅವರ ಬಾಯಿಂದಲೇ ಬರಬೇಕು. ಆ ವರ್ಷ ಅದು ಕುರಮೊಚಿ ಎಂಬ ಮುದುಕರಿಗೆ ಬಂದಿತ್ತು. ಫೋನಿನಲ್ಲಿ ನಮ್ಮ ದನಿ ನಮಗೇ ಮರಳಿ ಕೇಳದಂತೆ ಮಾಡಿದವರು ಅವರು.

ಮಧ್ಯಾಹ್ನ ಅವರ ಮನೆಗೆ ಫೋನ್ ಮಾಡಿದೆ. “ಮೊಶಿ,” ಎಂದಿತು ಆ ಕಡೆಯ ದನಿ.

ನಮ್ಮ ಜಪಾನಿನಲ್ಲಿ ಫೋನೆತ್ತಿದರೆ ಹಲೋ ಬದಲು “ಮೊಶಿ ಮೊಶಿ” ಎಂದು ಎರಡು ಸಲ ಅನ್ನುತ್ತೇವೆ. ದೆವ್ವಕ್ಕೆ ಎರಡನೆಯ ಸಲ ನಾಲಿಗೆ ಹೊರಳುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ವಯಸ್ಸಾದವರ ಸುಸ್ತು ಅಂದುಕೊಂಡೆ. ನಾನಾಡಿದ ಮಾತೆಲ್ಲ ಕ್ಷಣ ಬಿಟ್ಟು ನನಗೇ ಮರಳಿ ಕೇಳುತ್ತಿತ್ತು. ರಿಸೀವರ್ ಕಿವಿ ಮರಗಟ್ಟುವಷ್ಟು ತಣ್ಣಗಿತ್ತು.

“ಪ್ರಶಸ್ತಿ ತಗೋತೀರಾ, ಕುರಮೊಚಿ ಸಾನ್?”

“ತಗೋತೀನಿ.”

ಸಮಾರಂಭದ ಏರ್ಪಾಡಿಗೆಂದು ಸಂಜೆ ಅವರ ಮಗಳಿಗೆ ಫೋನ್ ಮಾಡಿದೆ.

“ಅಪ್ಪ ಬೆಳಿಗ್ಗೇನೇ ತೀರ್ಕೊಂಡ್ರು. ನಾವೆಲ್ಲಾ ಆಸ್ಪತ್ರೇಲೇ ಇದೀವಿ, ಮನೆಗೆ ಬೀಗ ಹಾಕಿದೆ.”

ಒಪ್ಪಿದ್ದಾರೆಂದು ನಾನು ಆಗಲೇ ಬರೆದಾಗಿತ್ತು. ತಿದ್ದಲಿಲ್ಲ. ಪದಕ ಮಗಳ ಕೈ ಸೇರಿತು.

ಮೊನ್ನೆ ಎದುರು ಮೇಜಿನ ಹಿಸಾಎ ನಕ್ಕಳು. “ಏನ್ರೀ, ಈಚೆಗೆ ಫೋನಲ್ಲಿ ಒಂದೇ ಸಲ ಮೊಶಿ ಅಂತೀರಾ? ಇನ್ನೊಂದನ್ನ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀರಾ?”

ನಾನು ಎರಡು ಸಲವೇ ಅನ್ನುತ್ತಿದ್ದೇನೆ.